ಹುಲ್ಲೆ ನಿಂತ ದೂರ, ಗುಂಡು ಮುಟ್ಟುವ ದೂರ

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿತ್ತು. ಒಳಹೊಕ್ಕ ಬ್ರಿಟಿಷ್ ಸೇನೆಗೆ ಸಿಕ್ಕಿದ್ದು ಚಿನ್ನ, ಬೆಳ್ಳಿ, ಫಿರಂಗಿ, ರಾಕೆಟ್ಟುಗಳಷ್ಟೇ ಅಲ್ಲ. ಅರಮನೆಯ ಆವರಣದಲ್ಲಿ ಟಿಪ್ಪು ಸುಲ್ತಾನನ ಜೀವಂತ ಹುಲಿಗಳೂ ಇದ್ದವು. ಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅವುಗಳಿಗೆ ಹಾಕಲು ಆಹಾರವಿಲ್ಲ, ಯಾರೂ ಕೊಂಡೊಯ್ಯದಿದ್ದರೆ ಗುಂಡಿಟ್ಟು ಕೊಲ್ಲಬೇಕಾಗುತ್ತದೆ ಎಂದು ಮೇಲಿನವರಿಗೆ ಬರೆದ. ಆದರೆ ಸುಲ್ತಾನನ ಇನ್ನೊಂದು ಬಗೆಯ ಪ್ರಾಣಿಗಳಿಗೆ ಆ ಗತಿ ಬರಲಿಲ್ಲ. ಅವು ಬೇಟೆಗೆ ಪಳಗಿಸಿದ ಚೀತಾಗಳು. ವೆಲ್ಲೆಸ್ಲಿ ಅವುಗಳನ್ನು ತನ್ನ ವಶದಲ್ಲಿ ಇಟ್ಟುಕೊಂಡ. ಅವುಗಳಿಂದ ಹುಲ್ಲೆಗಳ ಬೇಟೆ ನಡೆಯುತ್ತಿದ್ದುದನ್ನು ಆಗ ಆತನ ಸಮೀಪದಲ್ಲಿದ್ದ ಜಾರ್ಜ್ ಎಲರ್ಸ್ ಎಂಬ ಸೇನಾಧಿಕಾರಿ ತನ್ನ ನೆನಪಿನ ಬರಹದಲ್ಲಿ ದಾಖಲಿಸಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದೇ ಪಟ್ಟಣದಲ್ಲಿ ಆ ಕಾಲದ ಭಾರತದ ಅತ್ಯುತ್ತಮ ಕೋವಿಗಳು ತಯಾರಾಗುತ್ತಿದ್ದವು. ಸುಲ್ತಾನನ ಖಾಸಗಿ ಬಂದೂಕುಗಳು ಇಂದಿಗೂ ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಲ್ಲಿವೆ. ಹರಾಜಿಗೆ ಬಂದಾಗ ಲಕ್ಷಗಟ್ಟಲೆ ಬೆಲೆ ಬಾಳುತ್ತವೆ. ಇಷ್ಟು ಒಳ್ಳೆಯ ಕೋವಿಗಳಿದ್ದ ದೊರೆಗೆ ಒಂದು ಹುಲ್ಲೆ ಹೊಡೆಯಲು ಚೀತಾ ಏಕೆ ಬೇಕಿತ್ತು? ಕೋವಿಯನ್ನು ಗೆದ್ದುಕೊಂಡ ಇಂಗ್ಲಿಷರೂ ಅದೇ ಚೀತಾಗಳನ್ನು ಏಕೆ ಉಳಿಸಿಕೊಂಡರು?

ರಾಜರ ಶೋಕಿ, ವಿನೋದ ಎಂದು ಹೇಳಿ ಮುಗಿಸಬಹುದು. ಅದೂ ನಿಜವೇ. ಆದರೆ ಅದಕ್ಕಿಂತ ದೊಡ್ಡ ಕಾರಣ ಒಂದು ಲೆಕ್ಕದಲ್ಲಿದೆ. ಆಯುಧದಿಂದ ಹೊರಟ ಏಟು ನಿಶ್ಚಿತವಾಗಿ ತಗಲುವ ದೂರ ಎಷ್ಟು, ಪ್ರಾಣಿ ಮನುಷ್ಯನನ್ನು ಹತ್ತಿರ ಬಿಟ್ಟುಕೊಳ್ಳುವ ದೂರ ಎಷ್ಟು ಎಂಬುದೇ ಆ ಲೆಕ್ಕ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಬಯಲಿನ ಬೇಟೆಯ ಇತಿಹಾಸವನ್ನು ಈ ಎರಡು ದೂರಗಳ ನಡುವಿನ ಪೈಪೋಟಿಯೆಂದೇ ಓದಬಹುದು. ಸಿನಿಮಾದಲ್ಲಿ ನಾಯಕ ರಿವಾಲ್ವರ್ ಎತ್ತಿ ಫರ್ಲಾಂಗು ದೂರದ ಗುರಿಯನ್ನು ಉರುಳಿಸುವುದನ್ನು ನೋಡಿದವರಿಗೆ ಈ ಲೆಕ್ಕ ಆಶ್ಚರ್ಯ ತರಬಹುದು.

ಹುಲ್ಲೆಯ ಎಚ್ಚರ

ಮೊದಲು ಪ್ರಾಣಿಯ ವಿಷಯ. ಕನ್ನಡದಲ್ಲಿ ಜಿಂಕೆ ಎಂಬ ಒಂದೇ ಮಾತನ್ನು ನಾವು ಹಲವು ಪ್ರಾಣಿಗಳಿಗೆ ಬಳಸುತ್ತೇವೆ. ಮೈಮೇಲೆ ಬಿಳಿ ಚುಕ್ಕೆಗಳಿರುವ ಚುಕ್ಕೆ ಜಿಂಕೆ, ದೊಡ್ಡ ಮೈಯ ಕಡವೆ, ಚಿಕ್ಕದಾದ ಕಾಡುಕುರಿ ಇವು ನಿಜವಾದ ಜಿಂಕೆ ಜಾತಿಯವು. ಇವುಗಳ ಗಂಡಿನ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗ ಬೇರೆ ಗುಂಪಿಗೆ ಸೇರಿದ್ದು. ಹುಲ್ಲೆ, ಎರಳೆ, ಉತ್ತರ ಕರ್ನಾಟಕದಲ್ಲಿ ಚಿಗರಿ ಎಂದು ಕರೆಯುವುದು ಇದನ್ನೇ. ಗಂಡಿನ ತಿರುಚಿದ ಕೊಂಬು ಉದುರುವುದಿಲ್ಲ. ಜಿಂಕೆಗೆ ಕಾಡಂಚು, ಪೊದೆ, ನೆರಳು ಬೇಕು. ಹುಲ್ಲೆಗೆ ಬೇಕಾದದ್ದು ಬಯಲು.

ಹಳೆಯ ಮೈಸೂರಿನಲ್ಲಿ ಅಂಥ ಬಯಲಿಗೆ ಕೊರತೆ ಇರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲು ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಡಲಾಗಿತ್ತು. ದನ ಮೇಯುವ ಕಾವಲು ಹುಲ್ಲೆಗೂ ಒಗ್ಗುವ ನೆಲವೇ.

ಬಯಲಿನಲ್ಲಿ ಮರೆ ಇಲ್ಲ. ಹುಲ್ಲೆಗೆ ಕಣ್ಣೇ ಕೋಟೆ. ಬೇಟೆಗಾರ ಕಾಣಿಸಿದ ಕೂಡಲೇ ಅದು ಓಡುವುದಿಲ್ಲ. ತಲೆ ಎತ್ತಿ ನೋಡುತ್ತದೆ. ಆತ ಒಂದು ಗೆರೆ ದಾಟಿದನೆಂದು ಅನಿಸಿದಾಗ ಓಡುತ್ತದೆ. ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಪಲಾಯನದ ದೂರ ಎನ್ನುತ್ತಾರೆ. ಈ ದೂರ ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಅನುಭವದಿಂದ ಕಲಿತದ್ದೂ ಹೌದು. ಬೇಟೆ ಹೆಚ್ಚಿರುವ ಕಡೆ ಗೆರೆ ದೂರ ಸರಿಯುತ್ತದೆ, ಬೇಟೆ ಇಲ್ಲದ ಕಡೆ ಹತ್ತಿರ ಬರುತ್ತದೆ. ಒಮ್ಮೆ ಓಡಲು ಆರಂಭಿಸಿದರೆ ಹುಲ್ಲೆಯ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. ಅಂದರೆ ಅರ್ಧ ಸೆಕೆಂಡಿನಲ್ಲಿ ಹನ್ನೆರಡು ಗಜ. ಈ ಅರ್ಧ ಸೆಕೆಂಡನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೋವಿಗೆ ಮೊದಲು

ಕೋವಿ ಬರುವ ಮೊದಲು ಮನುಷ್ಯ ಈ ದೂರವನ್ನು ಬುದ್ಧಿಯಿಂದ ದಾಟುತ್ತಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆ ಬೇಟೆಯ ಹಲವಾರು ಬಗೆಗಳ ವಿವರಣೆ ಇದೆ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯುವುದು ಅವುಗಳಲ್ಲಿ ಒಂದು. ಹಳಗನ್ನಡದಲ್ಲಿ ಇಂಥ ಪ್ರಾಣಿಗೆ ದೀಹದ ಮಿಗ ಎಂಬ ಹೆಸರೇ ಇದೆ. ಬಿಲ್ಲು ಹಿಡಿದವನಿಗೆ ಜಿಂಕೆ ಮೂವತ್ತು ನಲವತ್ತು ಹೆಜ್ಜೆಯೊಳಗೆ ಬರಬೇಕು. ಬಾಣ ಇನ್ನೂ ದೂರ ಹಾರುತ್ತದೆ, ನಿಜ. ಆದರೆ ಬಾಣ ಹಾರುವ ದೂರ ಬೇರೆ, ಬಾಣ ಕೊಲ್ಲುವ ದೂರ ಬೇರೆ.

ಬೇಟೆನಾಯಿ ಇನ್ನೊಂದು ಉಪಾಯ. ಇದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಪ್ರಸಿದ್ಧ ಸಾಕ್ಷ್ಯವಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ, ಏನು ಬೇಕೆಂದು ಗಂಗ ದೊರೆ ಬೂತುಗ ಕೇಳಿದಾಗ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದತ್ತಿಯೂ ಆಯಿತು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ನಾಯಿಗೆ ಇಷ್ಟು ಬೆಲೆ ಏಕೆಂಬುದು ಈಗ ಸ್ಪಷ್ಟವಾದೀತು. ಮನುಷ್ಯನ ಕೈಗೆ ನಿಲುಕದ ದೂರವನ್ನು ಅದು ತನ್ನ ಕಾಲಿನಿಂದ ಮುಚ್ಚುತ್ತಿತ್ತು.

ಪಾಂಡವಪುರಕ್ಕೆ ಹೆಸರು ಕೊಟ್ಟ ಪಾಂಡವರ ಕಥೆಯೂ ಒಂದು ಜಿಂಕೆ ಬೇಟೆಯಿಂದಲೇ ತಿರುವು ಪಡೆಯುತ್ತದೆ. ಜಿಂಕೆಯ ರೂಪದಲ್ಲಿ ಹೆಂಡತಿಯೊಡನೆ ಕೂಡಿದ್ದ ಕಿಂದಮ ಮುನಿಗೆ ಪಾಂಡುರಾಜ ಬಾಣ ಬಿಟ್ಟ. ಸಾಯುವ ಮುನಿ ದೂರಿದ್ದು ಬೇಟೆಯನ್ನಲ್ಲ, ಬೇಟೆಯಾಡಿದ ಹೊತ್ತನ್ನು. ಹೊಡೆಯಲು ಸಾಧ್ಯವಿದ್ದ ಮಾತ್ರಕ್ಕೆ ಹೊಡೆಯಬಾರದೆಂಬ ನಿಯಮ ಬೇಟೆಯಷ್ಟೇ ಹಳೆಯದು ಎಂಬುದಕ್ಕೆ ಈ ಕಥೆ ಸಾಕ್ಷಿ. ಊರಿನ ಕುಂತಿಬೆಟ್ಟ ಆ ತಾಯಿಯ ಹೆಸರನ್ನು ಉಳಿಸಿಕೊಂಡಿದೆ.

ಪಟ್ಟಣದ ಕೋವಿ

ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣ ಆಯುಧಗಳ ಊರಾಗಿತ್ತು. ಸುಲ್ತಾನನ ಖಾಸಗಿ ಕೋವಿಗಳ ಮೇಲೆ ಸಯ್ಯದ್ ಮಾಸೂಮ್, ಸಯ್ಯದ್ ದಾವೂದ್, ಅಸದ್ ಅಮೀನ್ ಮೊದಲಾದ ಕುಶಲಕರ್ಮಿಗಳ ಹೆಸರುಗಳಿವೆ. ತಯಾರಾದ ಸ್ಥಳ 'ಪಟನ್' ಎಂದು, ವರ್ಷ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಕೆತ್ತಲಾಗಿದೆ. ನಳಿಗೆಯ ಮೇಲೆ ಹೈದರನ ಹೆಸರಿನ ಮುದ್ರೆ, ಮೈಯೆಲ್ಲ ಹುಲಿಪಟ್ಟೆಯ ಅಲಂಕಾರ. ಐದು ಮೈಲಿ ಆಚೆ ಹಿರೋಡೆಯಲ್ಲಿ ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡು ಬಿಟ್ಟಿತ್ತು. ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಇಂದಿನ ಪಾಂಡವಪುರ ಅದೇ. ಕಾಲಾಳಿಗೆ ಕೋವಿ ಕೊಟ್ಟು ಸಾಲಾಗಿ ನಿಲ್ಲಿಸಿ ಹೊಡೆಸುವ ಯುರೋಪಿನ ಕವಾಯತನ್ನು ಕಲಿಸುವಲ್ಲಿ ಇಂಥವರ ಪಾತ್ರ ದೊಡ್ಡದು.

ಆದರೆ ಸಾಲಾಗಿ ನಿಲ್ಲಿಸಿ ಹೊಡೆಸಬೇಕಾದ್ದೇಕೆ? ಒಂದೊಂದು ಕೋವಿಯ ಗುರಿಯನ್ನು ನಂಬುವಂತಿರಲಿಲ್ಲ, ಅದಕ್ಕೇ. ಆ ಕಾಲದ ಬಂದೂಕಿನ ನಳಿಗೆಯ ಒಳಮೈ ಕೊಳವೆಯಂತೆ ನುಣುಪು. ಗುಂಡನ್ನು ನಳಿಗೆಯ ಬಾಯಿಂದ ಇಳಿಸಬೇಕಾದ್ದರಿಂದ ಗುಂಡು ನಳಿಗೆಗಿಂತ ತುಸು ಚಿಕ್ಕದಾಗಿರಬೇಕು. ಬ್ರಿಟಿಷ್ ಸಿಪಾಯಿಯ ಬಂದೂಕಿನ ನಳಿಗೆಯ ಬಾಯಿ ಮುಕ್ಕಾಲು ಅಂಗುಲ; ಗುಂಡು ಅದಕ್ಕಿಂತ ಸಣ್ಣದು. ಮದ್ದು ಸಿಡಿದಾಗ ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ತಾಗುತ್ತ ಹೊರಬೀಳುತ್ತದೆ. ಕೊನೆಗೆ ಯಾವ ಬದಿಗೆ ತಾಗಿತೋ ಅದಕ್ಕೆ ತಕ್ಕಂತೆ ಸೊಟ್ಟ ಹೋಗುತ್ತದೆ. ಸಿಪಾಯಿಯ ಬಂದೂಕು ಎಂಬತ್ತು ಗಜದಲ್ಲಿ, ಹೆಚ್ಚೆಂದರೆ ನೂರು ಗಜದಲ್ಲಿ ಒಬ್ಬ ಮನುಷ್ಯನಿಗೆ ತಾಗೀತು, ಇನ್ನೂರು ಗಜದಲ್ಲಿ ಹೊಡೆಯುವುದೂ ಚಂದ್ರನಿಗೆ ಗುರಿ ಇಡುವುದೂ ಒಂದೇ ಎಂಬ ಅರ್ಥದ ಮಾತನ್ನು ಜಾರ್ಜ್ ಹ್ಯಾಂಗರ್ ಎಂಬ ಬ್ರಿಟಿಷ್ ಕರ್ನಲ್ 1814ರಲ್ಲಿ ಬರೆದ. ಆತ ಹೇಳಿದ್ದು ನಿಂತ ಮನುಷ್ಯನ ಗಾತ್ರದ ಗುರಿಯ ಬಗ್ಗೆ.

ಹುಲ್ಲೆಯ ಗುರಿ ಅಷ್ಟು ದೊಡ್ಡದಲ್ಲ. ಪ್ರಾಣಿ ಥಟ್ಟನೆ ಸಾಯಬೇಕಾದರೆ ಗುಂಡು ತಗಲಬೇಕಾದದ್ದು ಮುಂಗಾಲಿನ ಹಿಂದೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೆ. ಅದರ ಅಗಲ ಆರೇಳು ಅಂಗುಲ. ಊಟದ ತಟ್ಟೆಗಿಂತ ಚಿಕ್ಕದು. ಹೊಟ್ಟೆಗೆ ಅಥವಾ ಕಾಲಿಗೆ ತಗಲಿದರೆ ಹುಲ್ಲೆ ಬೀಳುವುದಿಲ್ಲ, ಓಡುತ್ತದೆ. ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಬೇಟೆಗಾರನಿಗೆ ಮಾಂಸವೂ ಇಲ್ಲ, ಪ್ರಾಣಿಗೆ ಬದುಕೂ ಇಲ್ಲ.

ದೊರೆಯ ಬೇಟೆ ಕೋವಿ ಸಿಪಾಯಿಯ ಬಂದೂಕಿಗಿಂತ ಒಳ್ಳೆಯದು. ಗುಂಡನ್ನು ಬಿಗಿಯಾಗಿ ತುಂಬಲು ಸಮಯವೂ ಇತ್ತು. ಹಾಗಿದ್ದರೂ ತಟ್ಟೆಯಷ್ಟು ಗುರಿಗೆ ಐವತ್ತು ಅರವತ್ತು ಗಜಕ್ಕಿಂತ ಆಚೆ ಭರವಸೆ ಇಡುವಂತಿರಲಿಲ್ಲ. ಇನ್ನೊಂದು ತೊಡಕು ಚಕಮಕಿಯದು. ಟ್ರಿಗರ್ ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಹೊರಗಿನ ಬಟ್ಟಲಿನ ಮದ್ದು ಭುಗ್ಗೆನ್ನಬೇಕು, ಆ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಿ ನಳಿಗೆಯ ಮದ್ದಿಗೆ ತಾಗಬೇಕು. ಕಣ್ಣೆವೆ ಮುಚ್ಚುವಷ್ಟು ಹೊತ್ತಾದರೂ ಇದಕ್ಕೆ ಬೇಕು. ಬಟ್ಟಲಿನ ಬೆಂಕಿ ಕಂಡು ಬೆದರಿದ ಪ್ರಾಣಿ ಗುಂಡು ಹೊರಡುವ ಮೊದಲೇ ಮೈ ತಿರುಗಿಸಿರುತ್ತಿತ್ತು. ಮಳೆಗಾಲದಲ್ಲಿ ಬಟ್ಟಲಿನ ಮದ್ದು ಹಸಿಯಾದರೆ ಈಡು ಹಾರುವುದೇ ಇಲ್ಲ.

ಎತ್ತಿನ ಗಾಡಿಯ ಗುಟ್ಟು

ಈಗ ಚೀತಾಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಯಲಿನಲ್ಲಿ ನಡೆದು ಬರುವ ಮನುಷ್ಯನನ್ನು ಹುಲ್ಲೆ ಅರವತ್ತು ಗಜ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಕೋವಿಯ ದೂರ ಪ್ರಾಣಿಯ ದೂರಕ್ಕಿಂತ ಕಡಿಮೆ. ಆ ಅಂತರವನ್ನು ತುಂಬಲು ಚೀತಾ ಬೇಕಿತ್ತು.

ಚೀತಾ ಬೇಟೆಯ ಕ್ರಮ ಸರಳ. ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಹುಲ್ಲೆಗಳ ಹಿಂಡಿನತ್ತ ಒಯ್ಯುತ್ತಾರೆ. ಗಾಡಿ ನೇರವಾಗಿ ಹೋಗುವುದಿಲ್ಲ. ಸುತ್ತಿ ಬಳಸಿ, ಹೊಲಕ್ಕೆ ಹೋಗುವ ಗಾಡಿಯಂತೆ ಹೋಗುತ್ತದೆ. ಬೇಟೆಯ ಗುಟ್ಟು ಇರುವುದು ಇಲ್ಲೇ. ಹುಲ್ಲೆಗೆ ಎತ್ತಿನ ಗಾಡಿ ದಿನನಿತ್ಯದ ದೃಶ್ಯ. ರೈತನ ಗಾಡಿಯಿಂದ ಅದಕ್ಕೆ ಎಂದೂ ಕೇಡಾಗಿಲ್ಲ. ನಡೆದು ಬರುವ ಅಪರಿಚಿತನಿಗೆ ಎಳೆದ ಗೆರೆ ಗಾಡಿಗೆ ಅನ್ವಯಿಸುವುದಿಲ್ಲ. ನೂರಿನ್ನೂರು ಗಜದ ಅಂತರಕ್ಕೆ ಬಂದಾಗ ಪಟ್ಟಿ ಬಿಚ್ಚಿ ಚೀತಾವನ್ನು ಬಿಡುತ್ತಾರೆ. ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗ ಅದರದ್ದು. ಆದರೆ ಆ ದಮ್ಮು ಮುನ್ನೂರು ನಾನೂರು ಗಜಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಕೂತುಬಿಡುತ್ತದೆ. ಚೀತಾಕ್ಕೂ ಒಂದು ಪರಿಣಾಮಕಾರಿ ದೂರವಿತ್ತು ಎನ್ನಬಹುದು. ಅದು ಕೋವಿಯ ಮೂರು ನಾಲ್ಕು ಪಟ್ಟು.

ಇದರ ಬೆಲೆಯನ್ನು ತೆತ್ತದ್ದು ಚೀತಾವೇ. ಬಂಧನದಲ್ಲಿ ಚೀತಾ ಮರಿ ಹಾಕುವುದು ಬಲು ಅಪರೂಪವಾದ್ದರಿಂದ ದೊರೆಗಳ ಬೇಟೆಗೆ ಪ್ರತಿ ಬಾರಿಯೂ ಕಾಡಿನಿಂದಲೇ ಹಿಡಿದು ತರಬೇಕಿತ್ತು. 1947ರಲ್ಲಿ ಇಂದಿನ ಛತ್ತೀಸಗಢದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಲಿಯಾದವು. 1952ರಲ್ಲಿ ಚೀತಾ ಭಾರತದಿಂದ ನಿರ್ನಾಮವಾಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟ ಚೀತಾಗಳು ಆಫ್ರಿಕಾದ ನಮೀಬಿಯಾದಿಂದ ತಂದವು.

ಕೈಕೋವಿಯ ಲೆಕ್ಕ

ಶ್ರೀರಂಗಪಟ್ಟಣದಲ್ಲಿ ಪಿಸ್ತೂಲುಗಳೂ ತಯಾರಾಗುತ್ತಿದ್ದವು. ಅವು ಒಂದು ಈಡಿನವು, ಅಪರೂಪಕ್ಕೆ ಜೋಡಿ ನಳಿಗೆಯವು. ಗುಂಡಿನ ಮನೆ ತಿರುಗುತ್ತ ಒಂದಾದ ಮೇಲೊಂದು ಈಡು ಹಾರಿಸುವ ರಿವಾಲ್ವರ್‌ಗೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಹಕ್ಕುಪತ್ರ ಪಡೆದದ್ದು 1836ರಲ್ಲಿ. 1857ರ ಹೊತ್ತಿಗೆ ಭಾರತದಲ್ಲಿದ್ದ ಹಲವು ಬ್ರಿಟಿಷ್ ಅಧಿಕಾರಿಗಳ ಸೊಂಟಕ್ಕೆ ಅದು ಬಂದಿತ್ತು. ಮುಂದೆ ವೆಬ್ಲಿ ರಿವಾಲ್ವರ್ ಪೊಲೀಸರ, ಮಿಲಿಟರಿಯವರ ಗುರುತಾಯಿತು.

ಆದರೆ ಜಿಂಕೆ ಬೇಟೆಗೆ ರಿವಾಲ್ವರ್ ಎಷ್ಟು ದೂರ ನಂಬಿಕೆಗೆ ಅರ್ಹ? ಇದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಗುರಿ ನೋಡಲು ನಳಿಗೆಯ ತುದಿಯಲ್ಲಿ ಒಂದು ಮೊನೆ, ಹಿಂದೆ ಒಂದು ಕಚ್ಚು ಇರುತ್ತದೆ. ಕಚ್ಚಿನ ನಡುವೆ ಮೊನೆ ಕಂಡರೆ ಗುರಿ ಸರಿ. ರಿವಾಲ್ವರ್‌ನಲ್ಲಿ ಇವೆರಡರ ನಡುವಿನ ಅಂತರ ಸುಮಾರು ಆರು ಅಂಗುಲ. ಕೈ ನಡುಗಿ ಮೊನೆ ಒಂದು ಮಿಲಿಮೀಟರ್, ಅಂದರೆ ಒಂದು ಎಳ್ಳಿನ ದಪ್ಪದಷ್ಟು, ಪಕ್ಕಕ್ಕೆ ಸರಿಯಿತೆನ್ನಿ. ಇಪ್ಪತ್ತೈದು ಗಜದಲ್ಲಿ ಗುಂಡು ಆರು ಅಂಗುಲ ಪಕ್ಕಕ್ಕೆ ಹೋಗುತ್ತದೆ. ಐವತ್ತು ಗಜದಲ್ಲಿ ಒಂದು ಅಡಿ, ನೂರು ಗಜದಲ್ಲಿ ಎರಡು ಅಡಿ. ಗುರಿಯ ಅಗಲವೇ ಆರೇಳು ಅಂಗುಲ. ನಡುವಿನಿಂದ ಮೂರು ಮೂರೂವರೆ ಅಂಗುಲ ತಪ್ಪಿದರೆ ಪ್ರಾಣಿ ಗಾಯಗೊಳ್ಳುತ್ತದೆಯೇ ಹೊರತು ಬೀಳುವುದಿಲ್ಲ. ಆ ಲೆಕ್ಕದಲ್ಲಿ ಒಂದು ಎಳ್ಳಿನಷ್ಟು ತಪ್ಪನ್ನು ರಿವಾಲ್ವರ್ ಮನ್ನಿಸುವುದು ಹದಿನೈದು ಗಜದವರೆಗೆ ಮಾತ್ರ. ಉದ್ದನೆಯ ರೈಫಲ್ಲಿನಲ್ಲಿ ಮೊನೆಗೂ ಕಚ್ಚಿಗೂ ಒಂದೂವರೆ ಅಡಿಗಿಂತ ಹೆಚ್ಚು ಅಂತರ. ಭುಜಕ್ಕೆ ಒರಗಿಸಿ ಎರಡು ಕೈಯಲ್ಲಿ ಹಿಡಿಯುವುದರಿಂದ ನಡುಕವೂ ಕಡಿಮೆ. ಅದೇ ತಪ್ಪು ಅಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯದು ಗುಂಡಿನ ವೇಗ. ಹಳೆಯ ವೆಬ್ಲಿ ರಿವಾಲ್ವರ್‌ನ ಗುಂಡು ಸೆಕೆಂಡಿಗೆ ಆರುನೂರು ಅಡಿಗಿಂತ ತುಸು ಹೆಚ್ಚು ವೇಗದಲ್ಲಿ ಹೊರಡುತ್ತದೆ. ನೂರು ಗಜ ದಾಟಲು ಅದಕ್ಕೆ ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಗುಂಡು ಸುಮಾರು ನಾಲ್ಕು ಅಡಿ ಕೆಳಗೆ ಇಳಿದಿರುತ್ತದೆ. ಓಡುವ ಹುಲ್ಲೆ ಅದೇ ಅರ್ಧ ಸೆಕೆಂಡಿನಲ್ಲಿ ಹನ್ನೆರಡು ಗಜ ಮುಂದೆ ಹೋಗಿರುತ್ತದೆ.

ಮೂರನೆಯದು ಬಲ. ವೆಬ್ಲಿಯ ಗುಂಡಿನ ಶಕ್ತಿ ಸುಮಾರು 300 ಜೂಲ್. ಅದೇ ಸೇನೆಯ ಪಾಯಿಂಟ್ 303 ರೈಫಲ್ಲಿನ ಗುಂಡಿನ ಶಕ್ತಿ 3000 ಜೂಲಿಗಿಂತ ಹೆಚ್ಚು; ಹತ್ತು ಪಟ್ಟು. ನಮ್ಮ ದೇಶದಲ್ಲಿ ನಾಗರಿಕರಿಗೆ ಪರವಾನಗಿಯ ಮೇಲೆ ಸಿಗುವ ಪಾಯಿಂಟ್ 32 ರಿವಾಲ್ವರ್ ವೆಬ್ಲಿಯ ಅರ್ಧದಷ್ಟು ಬಲದ್ದು. ಅದು ಆತ್ಮರಕ್ಷಣೆಯ ಆಯುಧ, ಕೋಣೆಯೊಳಗಿನ ದೂರದ್ದು. ಎಂಬತ್ತು ಕಿಲೋ ತೂಗುವ ಗಂಡು ಜಿಂಕೆಗೆ ಅದರಿಂದ ಆಗುವುದು ಗಾಯ ಮಾತ್ರ.

ರಿವಾಲ್ವರ್‌ನಿಂದ ಜಿಂಕೆ ಹೊಡೆಯುವ ಪದ್ಧತಿ ಕಾನೂನಿನ ಚೌಕಟ್ಟಿನೊಳಗೆ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1955ರಲ್ಲಿ ಪಾಯಿಂಟ್ 44 ಮ್ಯಾಗ್ನಮ್ ಎಂಬ ಭಾರಿ ರಿವಾಲ್ವರ್ ಬಂತು. ಅದರ ಶಕ್ತಿ ವೆಬ್ಲಿಯ ಮೂರು ನಾಲ್ಕು ಪಟ್ಟು. ಅದನ್ನು ಹಿಡಿದು ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಐವತ್ತು ಗಜದ ಆಸುಪಾಸು. ದುರ್ಬೀನು ಜೋಡಿಸಿದ ನುರಿತ ಕೈ ನೂರು ಗಜಕ್ಕೆ ಹೋಗಬಹುದು. ಪಟ್ಟಣದ ಚಕಮಕಿ ಕೋವಿಯ ಮಿತಿಯೂ ಐವತ್ತು ಅರವತ್ತು ಗಜವೇ ಆಗಿತ್ತು ಎಂಬುದು ಸ್ವಾರಸ್ಯಕರ. ಒಂದೂವರೆ ಶತಮಾನದ ವಿಜ್ಞಾನದ ಬಳಿಕ ಕೈಕೋವಿ ಬಂದು ಮುಟ್ಟಿದ್ದು ಟಿಪ್ಪುವಿನ ಬೇಟೆ ಕೋವಿ ನಿಂತಿದ್ದ ಜಾಗಕ್ಕೆ.

ಭಾರತದ ಬೇಟೆಯಲ್ಲಿ ಕೈಕೋವಿಗೆ ನಿಜವಾದ ಒಂದು ಕೆಲಸವಿತ್ತು. ಆನೆಯ ಮೇಲೆ ಕುಳಿತು ಹುಲಿ ಬೇಟೆಗೆ ಹೋಗುವ ಯುರೋಪಿಯನ್ನರು ದಪ್ಪ ನಳಿಗೆಯ ಜೋಡಿ ಪಿಸ್ತೂಲನ್ನು ಜತೆಗಿಡುತ್ತಿದ್ದರು. ಅದರ ಹೆಸರೇ ಹೌಡಾ ಪಿಸ್ತೂಲು, ಅಂದರೆ ಅಂಬಾರಿಯ ಪಿಸ್ತೂಲು. ಗಾಯಗೊಂಡ ಹುಲಿ ಆನೆಯ ಮೈಮೇಲೆ ನೆಗೆದರೆ ಅದರ ಮುಖಕ್ಕೆ ಒಡ್ಡಿ ಹೊಡೆಯಲು ಅದು. ದೂರ ಗಜಗಳಲ್ಲಿ ಅಲ್ಲ, ಅಡಿಗಳಲ್ಲಿ.

ದೂರ ಮುರಿದ ಕಾಲ

ಪೈಪೋಟಿಯ ತಕ್ಕಡಿ ವಾಲಿದ್ದು 19ನೇ ಶತಮಾನದ ನಡುವೆ. ನಳಿಗೆಯ ಒಳಮೈಯಲ್ಲಿ ತಿರುಚಿದ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರ ಹೋಗುತ್ತದೆಂಬುದು ಹಳೆಯ ತಿಳಿವಳಿಕೆ. ಆದರೆ ಅಂಥ ಕೋವಿಯನ್ನು ತುಂಬುವುದು ಕಷ್ಟವಾಗಿತ್ತು. ಆ ಕಷ್ಟ ನೀಗಿದ್ದು 1850ರ ದಶಕದಲ್ಲಿ. ಚಕಮಕಿಯ ಬದಲು ಕೇಪು ಬಂತು, ಆಮೇಲೆ ತೋಟೆ ಬಂತು. ಶತಮಾನದ ಕೊನೆಯ ಹೊತ್ತಿಗೆ ಸಾಧಾರಣ ಗುರಿಕಾರನಿಗೂ ನೂರೈವತ್ತು ಗಜದ ಹುಲ್ಲೆ ಕೈಗೆಟಕುವಂತಾಯಿತು. ಮೊದಲ ಬಾರಿಗೆ ಗುಂಡಿನ ದೂರ ಪ್ರಾಣಿಯ ದೂರವನ್ನು ಮೀರಿತು. ಚೀತಾ, ಗಾಡಿ, ದೀಹದ ಮಿಗ ಯಾವುದೂ ಬೇಡವಾಯಿತು. ಫ್ರೆಂಚ್ ರಾಕ್ಸಿನಂಥ ದಂಡಿನ ಊರುಗಳಲ್ಲಿದ್ದ ಅಧಿಕಾರಿಗಳಿಗೆ ಬೇಟೆ ಬಿಡುವಿನ ವೇಳೆಯ ಕಾಲಕ್ಷೇಪವಾಗಿತ್ತು. ಮೈಸೂರು ಸಂಸ್ಥಾನದ ನೀರಾವರಿ ಇಲಾಖೆಯಲ್ಲಿದ್ದು ಮುಂದೆ ಖೆಡ್ಡಾದ ಮುಖ್ಯಸ್ಥನಾದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕ ಆ ಕಾಲದ ಕನ್ನಡಿ.

ಅಪಾಯ ಸಂಸ್ಥಾನಕ್ಕೂ ಅರಿವಾಯಿತು. 1901ರಲ್ಲಿ ಮೈಸೂರು ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣಾ ಕಾಯಿದೆ ಬಂತು. ಆದರೆ ಎರಡನೇ ಮಹಾಯುದ್ಧದ ನಂತರ ಹೊಸದೊಂದು ಜೋಡಿ ಬಯಲಿಗೆ ಇಳಿಯಿತು: ಜೀಪು ಮತ್ತು ಪ್ರಖರ ಬೆಳಕಿನ ದೀಪ. ರಾತ್ರಿ ಕಣ್ಣಿಗೆ ಬೆಳಕು ಬಿದ್ದ ಜಿಂಕೆ ಓಡದೆ ನಿಂತುಬಿಡುತ್ತದೆ. ಅದರ ಪಲಾಯನದ ದೂರ ಹತ್ತು ಗಜಕ್ಕೂ ಇಳಿಯುತ್ತದೆ. ಆಗ ಒಳ್ಳೆಯ ಕೋವಿಯೂ ಬೇಡ, ಒಳ್ಳೆಯ ಗುರಿಯೂ ಬೇಡ. ಬೇಟೆಯ ಕೌಶಲ ಎಂದು ಹೇಳಿಕೊಳ್ಳುವುದಕ್ಕೆ ಅಲ್ಲಿ ಏನೂ ಉಳಿಯಲಿಲ್ಲ.

ಕೋವಿಯೊಂದನ್ನೇ ದೂರುವುದು ನ್ಯಾಯವಲ್ಲ. ಇದೇ ಅವಧಿಯಲ್ಲಿ ನೆಲವೂ ಬದಲಾಯಿತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಯ ಒಣ ಬಯಲನ್ನು ಕಬ್ಬು, ಭತ್ತದ ಗದ್ದೆಯನ್ನಾಗಿ ಮಾಡಿತು. ರೈತನ ಮನೆಗೆ ಅನ್ನ ಬಂತು. ಹುಲ್ಲೆಗೆ ಬೇಕಾದ ಕಣ್ಣು ಹಾಯುವ ಬಯಲು ಹೋಯಿತು. ಆಳೆತ್ತರದ ಕಬ್ಬಿನ ನಡುವೆ ಹುಲ್ಲೆ ಬದುಕಲಾರದು.

ಉಳಿದದ್ದು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಅಧ್ಯಾಯವನ್ನು ಕಾನೂನಿನ ಮಟ್ಟಿಗೆ ಮುಚ್ಚಿತು. ಕೃಷ್ಣಮೃಗ ಮೊದಲ ಪಟ್ಟಿಯಲ್ಲಿದೆ. ಅದನ್ನು ಕೊಂದರೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಚುಕ್ಕೆ ಜಿಂಕೆಯ ಬೇಟೆಯೂ ಅಪರಾಧವೇ. ಕೋವಿ ಯಾವುದು, ದೂರ ಎಷ್ಟು ಎಂಬ ಪ್ರಶ್ನೆಗೆ ಈಗ ಕಾನೂನಿನಲ್ಲಿ ಅರ್ಥವಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಮೂರು ರಕ್ಷಿತ ತಾಣಗಳಿವೆ. ಶ್ರೀರಂಗಪಟ್ಟಣದ ರಂಗನತಿಟ್ಟು 1940ರಲ್ಲಿ ಹಕ್ಕಿಗಳಿಗಾಗಿ ಆದದ್ದು. ಪಾಂಡವಪುರ ಮತ್ತು ಕೃಷ್ಣರಾಜಪೇಟೆಯ ಗುಡ್ಡಗಳಲ್ಲಿ ಹರಡಿದ ಮೇಲುಕೋಟೆ ಅಭಯಾರಣ್ಯ 1974ರಲ್ಲಿ ತೋಳಕ್ಕಾಗಿ. ನಾಗಮಂಗಲದ ಆದಿಚುಂಚನಗಿರಿ 1981ರಲ್ಲಿ ನವಿಲಿಗಾಗಿ. ಹಕ್ಕಿ, ತೋಳ, ನವಿಲು ಮೂರಕ್ಕೂ ಜಾಗ ಸಿಕ್ಕಿತು. ಸುಲ್ತಾನನ ಚೀತಾಗಳು ಅಟ್ಟಿದ ಹುಲ್ಲೆಯ ಹೆಸರಿನಲ್ಲಿ ಇಲ್ಲಿ ಯಾವ ತಾಣವೂ ಇಲ್ಲ. ಹುಲ್ಲೆಯನ್ನು ನೋಡಬೇಕೆಂದರೆ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲಿಗೋ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೋ ಹೋಗಬೇಕು.

ಬಂಡೀಪುರ, ನಾಗರಹೊಳೆಗೆ ಹೋದವರು ಇನ್ನೊಂದನ್ನು ಗಮನಿಸಿರಬಹುದು. ಅಲ್ಲಿ ರಸ್ತೆಯ ಬದಿಯಲ್ಲಿ ಚುಕ್ಕೆ ಜಿಂಕೆಗಳು ಇಪ್ಪತ್ತು ಗಜದಲ್ಲಿ ನಿಂತು ಮೇಯುತ್ತಿರುತ್ತವೆ. ವಾಹನ ನಿಂತರೂ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತವೆ. ರಿವಾಲ್ವರ್‌ಗೂ ಎಟಕುವ ದೂರ ಅದು. ಐವತ್ತು ವರ್ಷ ಗುಂಡಿನ ಸದ್ದು ಕಡಿಮೆಯಾದದ್ದಕ್ಕೆ ಆ ಪ್ರಾಣಿಗಳು ತಮ್ಮ ಗೆರೆಯನ್ನು ಅಷ್ಟು ಹತ್ತಿರಕ್ಕೆ ಎಳೆದುಕೊಂಡಿವೆ. ಕದ್ದು ಹೊಡೆಯುವವನಿಗೂ ಅದೇ ಅನುಕೂಲವಾಗಿದೆ. ಆ ನಂಬಿಕೆ ತಪ್ಪಲ್ಲವೆಂದು ತೋರಿಸುವ ಹೊಣೆ ಗೆರೆಯ ಈಚೆ ನಿಂತವರದು.